ಎಣ್ಮಕಜೆಗೆ ಹೋಗಿ ಬಂದೆವು

ನಮ್ಮ ಚರ್ಚ್ ಸಭೆಯ ಯುವಜನರ ಜೊತೆ ಸಣ್ಣ ಸೇವಾಯಾತ್ರೆ, ಕಾಸರಗೋಡಿನ ಎಣ್ಮಕಜೆ ಕಡೆಗೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳಿವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ತಡೆಯಿತು. ಆದರೆ ಆ ವಿಷಕ್ಕೆ ಸಿಕ್ಕಿ ಮಲಗಿದಲ್ಲೇ ಬೆಳೆದ ಮಕ್ಕಳು ಈಗಲೂ ಮಲಗಿದಲ್ಲೇ ಇದ್ದಾರೆ, ಅವರನ್ನು ಎತ್ತುವ ತಾಯಂದಿರಿಗೆ ವಯಸ್ಸಾಗಿದೆ.

ಒಂದು ಮನೆಯಲ್ಲಿ ಮಗನಿಗೆ ಮೂವತ್ತು ದಾಟಿದೆ. ನಾವು ಪ್ರಾರ್ಥನೆಗೆ ನಿಂತಾಗ ಆ ಅಮ್ಮ, "ಪ್ರಾರ್ಥನೆ ಆಗ್ಲಿ ಮಕ್ಕಳೇ, ಅದಕ್ಕೆ ಮೊದಲು ಇವನನ್ನು ಸ್ವಲ್ಪ ನೋಡ್ಕೊಳ್ಳಿ, ನಾನೊಮ್ಮೆ ಮಿಂದು ಬರ್ತೇನೆ" ಅಂದರು. ನೋಡಿಕೊಂಡೆವು. ಯೇಸು ಆ ಮನೆಗೆ ಬಂದಿದ್ದರೂ ಮೊದಲು ಅದನ್ನೇ ಮಾಡುತ್ತಿದ್ದ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತು.

ಅಕ್ಕಿ-ಬೇಳೆ ಕೊಟ್ಟು ಬಂದರೆ ಸಾಲದು. ತಿಂಗಳಿಗೊಮ್ಮೆಯಾದರೂ ಹೋಗಿ ಆ ತಾಯಂದಿರಿಗೆ ಅರ್ಧ ದಿನ ಬಿಡುವು ಕೊಡೋಣವೇ ಅಂತ ಭಾನುವಾರ ಸಭಾಪಾಲಕರನ್ನು ಕೇಳುತ್ತೇನೆ. ಬರುವವರು ಹೆಸರು ಕೊಡಿ.