ಟ್ಯೂಬಿನ ಜೊತೆ ಹಳೆಯ ಕಾಗದವೂ ಬರಲಿ

ಹೃದಯ ಕಸಿಗೆ ಕಾಯುತ್ತಿರುವ ಮಗುವಿನ ರಕ್ತ ನಮ್ಮ ಪ್ರಯೋಗಾಲಯಕ್ಕೆ ಬಂದಾಗ ನಾವು ಹುಡುಕುವುದು ಎರಡು ಸಂಗತಿಗಳನ್ನು. ಮಗುವಿನ ಎಚ್‌ಎಲ್‌ಎ ಗುರುತುಗಳು ಯಾವುವು? ಬೇರೆಯವರ ಎಚ್‌ಎಲ್‌ಎ ವಿರುದ್ಧ ಅದರ ರಕ್ತದಲ್ಲಿ ಈಗಾಗಲೇ ಪ್ರತಿಕಾಯಗಳು (ಹೊರಗಿನದನ್ನು ಎದುರಿಸಲು ದೇಹ ಮಾಡಿಕೊಳ್ಳುವ ಪ್ರೋಟೀನುಗಳು) ಹುಟ್ಟಿಕೊಂಡಿವೆಯೇ? ಎಚ್‌ಎಲ್‌ಎ ಎಂದರೆ ನಮ್ಮ ಜೀವಕೋಶಗಳ ಮೇಲಿರುವ ಪ್ರೋಟೀನುಗಳ ಒಂದು ಗುಂಪು. ಅವುಗಳ ಜೀನ್‌ಗಳು ಆರನೆಯ ವರ್ಣತಂತುವಿನ ಮೇಲೆ ಒತ್ತೊತ್ತಾಗಿ ಕುಳಿತಿವೆ. ತಂದೆಯಿಂದ ಒಂದು ಕಟ್ಟು, ತಾಯಿಯಿಂದ ಒಂದು ಕಟ್ಟು ಮಗುವಿಗೆ ಬರುತ್ತದೆ. ತನ್ನದು ಯಾವುದು, ಹೊರಗಿನದು ಯಾವುದು ಎಂದು ದೇಹ ತಿಳಿಯುವುದು ಮುಖ್ಯವಾಗಿ ಇವುಗಳಿಂದ. ಕಸಿ ಮಾಡಿದ ಹೃದಯದ ಮೇಲೆ ದೇಹ ತಿರುಗಿ ಬೀಳುವುದೂ ಬಹುಪಾಲು ಇವುಗಳ ಕಾರಣಕ್ಕೇ.

ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತಾ ಒಂದು ವಿಷಯ ನನಗೆ ಮನದಟ್ಟಾಗಿದೆ. ಹೃದಯದ ದೋಷದೊಂದಿಗೆ ಹುಟ್ಟಿದ ಮಗುವಿಗೆ ಮುಂದೆಂದೋ ಕಸಿ ಬೇಕಾದರೆ, ಅದರ ಲೆಕ್ಕಾಚಾರ ಮೊದಲ ಶಸ್ತ್ರಚಿಕಿತ್ಸೆಯ ದಿನವೇ, ಮೊದಲ ಬಾಟಲಿ ರಕ್ತದೊಂದಿಗೇ ಶುರುವಾಗಿರುತ್ತದೆ. ಪ್ರಯೋಗಾಲಯದಲ್ಲಿ ಕುಳಿತ ನಮಗೆ ಆ ದಿನ ಕಾಣುವುದಿಲ್ಲ. ನಮ್ಮ ಕೈಗೆ ಬರುವುದು ಬಾರ್‌ಕೋಡ್ ಅಂಟಿಸಿದ ಟ್ಯೂಬು, ಅದರ ಜೊತೆ ಅರ್ಧ ತುಂಬಿದ ಒಂದು ಅರ್ಜಿ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹುಟ್ಟುವ ಪ್ರತಿ ನೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಹೃದಯದ ಯಾವುದಾದರೊಂದು ದೋಷವಿರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಕಸಿಯ ಮಾತೇ ಬರುವುದಿಲ್ಲ. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ, ಉಳಿದವನ್ನು ವೈದ್ಯರು ಮುಚ್ಚುತ್ತಾರೆ. ನಾನು ಹೇಳುತ್ತಿರುವುದು ಹೃದಯದ ಒಂದು ಭಾಗವೇ ಸರಿಯಾಗಿ ಬೆಳೆಯದೆ, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬದುಕುವ ಮಕ್ಕಳ ಬಗ್ಗೆ.

ಪ್ರತಿಕಾಯದ ಪರೀಕ್ಷೆಯನ್ನು ಸ್ವಲ್ಪ ವಿವರಿಸುತ್ತೇನೆ. ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳಿರುತ್ತವೆ. ಪ್ರತಿ ಬಗೆಯ ಮಣಿಗೂ ಅದರದೇ ಬಣ್ಣದ ಮಿಶ್ರಣ, ಅದರ ಮೈಗೆ ಒಂದೇ ಬಗೆಯ ಎಚ್‌ಎಲ್‌ಎ ಪ್ರೋಟೀನು. ಮಗುವಿನ ಸೀರಂ, ಅಂದರೆ ರಕ್ತದ ತಿಳಿ ದ್ರವವನ್ನು ಈ ಮಣಿಗಳ ಜೊತೆ ಬೆರೆಸಿ, ಇಟ್ಟು, ತೊಳೆದು, ಬೆಳಕು ಸೂಸುವ ಇನ್ನೊಂದು ದ್ರವ ಸೇರಿಸುತ್ತೇವೆ. ಯಂತ್ರ ಒಂದೊಂದೇ ಮಣಿಯನ್ನು ಲೇಸರ್ ಮುಂದೆ ಹಾಯಿಸುತ್ತದೆ. ಪ್ರತಿಕಾಯ ಅಂಟಿಕೊಂಡ ಮಣಿ ಹೊಳೆಯುತ್ತದೆ. ಪರದೆಯ ಮೇಲೆ ಸಾಲು ಸಾಲು ಕಂಬಗಳು ಮೂಡುತ್ತವೆ. ಯಾವ ಕಂಬ ಎತ್ತರವೋ ಆ ಎಚ್‌ಎಲ್‌ಎ ಇರುವ ದಾನಿಯ ಹೃದಯ ಈ ಮಗುವಿಗೆ ಅಪಾಯಕಾರಿ. ದಾನಿಯ ಎದೆಯಿಂದ ತೆಗೆದ ಹೃದಯವನ್ನು ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗೆ ಜೋಡಿಸಬೇಕು. ಆ ಹೊತ್ತಿನಲ್ಲಿ ಹೊಸದಾಗಿ ಪರೀಕ್ಷೆ ಮಾಡುತ್ತಾ ಕೂರಲು ಸಮಯವಿರುವುದಿಲ್ಲ. ಹಾಗಾಗಿ ಈ ಪಟ್ಟಿ ಮೊದಲೇ ಸಿದ್ಧವಿರಬೇಕು ಮತ್ತು ನಂಬುವಂತಿರಬೇಕು.

ಉತ್ತರ ಕರ್ನಾಟಕದ ಒಬ್ಬ ಹುಡುಗಿಯ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಂಬಗಳು ಎತ್ತರಕ್ಕೆ ಎದ್ದಿದ್ದವು. ಮಕ್ಕಳಲ್ಲಿ ಇಷ್ಟು ಪ್ರತಿಕಾಯಗಳು ಸುಮ್ಮಸುಮ್ಮನೆ ಬರುವುದಿಲ್ಲ. ಅರ್ಜಿಯಲ್ಲಿ ‘ಹಿಂದಿನ ಶಸ್ತ್ರಚಿಕಿತ್ಸೆ: ಹೌದು’ ಎಂದಷ್ಟೇ ಬರೆದಿತ್ತು. ನಾನು ವಾರ್ಡಿಗೆ ಹೋಗಿ ತಾಯಿಯನ್ನು ಕೇಳಿದೆ. ‘ಎಲ್ಲಾ ಇಟ್ಟಿದ್ದೇನೆ ಮೇಡಂ, ಒಂದು ಚೀಟಿಯನ್ನೂ ಬಿಸಾಡಿಲ್ಲ’ ಎಂದು ಬಟ್ಟೆ ಅಂಗಡಿಯ ಕವರೊಂದನ್ನು ಬಿಚ್ಚಿದರು. ಎಕೋ ವರದಿಗಳು, ಔಷಧಿ ಅಂಗಡಿಯ ಬಿಲ್ಲುಗಳು, ಮಾಸಿಹೋದ ಇಸಿಜಿ ಸುರುಳಿಗಳು. ಎಲ್ಲಕ್ಕಿಂತ ಕೆಳಗೆ, ಮಗು ಹುಟ್ಟಿದ ತಿಂಗಳಲ್ಲಿ ಬೇರೊಂದು ಊರಿನಲ್ಲಿ ನಡೆದ ಮೊದಲ ಶಸ್ತ್ರಚಿಕಿತ್ಸೆಯ ಟಿಪ್ಪಣಿ. ಅದರ ನಡುವಿನ ಒಂದು ಸಾಲಿನಲ್ಲಿ ಮಹಾಪಧಮನಿಯನ್ನು ಹಿಗ್ಗಿಸಲು ಹೋಮೋಗ್ರಾಫ್ಟ್ ತೇಪೆ ಬಳಸಿದ್ದಾಗಿ ಬರೆದಿತ್ತು.

ಹೋಮೋಗ್ರಾಫ್ಟ್ ಎಂದರೆ ತೀರಿಕೊಂಡ ದಾನಿಯೊಬ್ಬರಿಂದ ಪಡೆದು, ಶೈತ್ಯದಲ್ಲಿ ಕಾಪಿಟ್ಟ ಮಾನವ ರಕ್ತನಾಳ ಅಥವಾ ಕವಾಟ. ಅದರಲ್ಲಿ ಉಳಿದಿರುವ ಜೀವಕೋಶಗಳ ಮೇಲೆ ಆ ದಾನಿಯ ಎಚ್‌ಎಲ್‌ಎ ಇರುತ್ತದೆ. ಎಳೆಯ ಮಗುವಿನ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸುತ್ತದೆ, ಪ್ರತಿಕಾಯ ಮಾಡುತ್ತದೆ, ವರ್ಷಗಟ್ಟಲೆ ಮರೆಯುವುದಿಲ್ಲ. ಕೊಟ್ಟ ರಕ್ತದಲ್ಲಿರುವ ಬಿಳಿ ರಕ್ತಕಣಗಳಿಂದಲೂ ಹೀಗಾಗಬಹುದು. ಅದಕ್ಕಾಗಿಯೇ ಬಿಳಿ ಕಣಗಳನ್ನು ಸೋಸಿ ತೆಗೆದ ರಕ್ತವನ್ನು ಕೊಡುತ್ತಾರೆ. ಅಂದು ಆ ತೇಪೆ ಹಾಕಿದ ಶಸ್ತ್ರಚಿಕಿತ್ಸಕರನ್ನು ನಾನು ದೂರುವುದಿಲ್ಲ. ಆ ತೇಪೆ ಇರದಿದ್ದರೆ ಮಗು ಉಳಿಯುತ್ತಲೇ ಇರಲಿಲ್ಲ. ಆದರೆ ಅದು ಹಾಕಿದ್ದು ತಿಳಿದ ಮೇಲೆ ನಮ್ಮ ವರದಿಯ ಅರ್ಥವೇ ಬದಲಾಯಿತು. ಇದು ಯಂತ್ರದ ಗೊಂದಲವೋ, ಇತ್ತೀಚಿನ ಸೋಂಕಿನಿಂದ ಎದ್ದ ತಾತ್ಕಾಲಿಕ ಏರಿಕೆಯೋ ಎಂಬ ಅನುಮಾನ ಬಗೆಹರಿಯಿತು. ಪ್ರತಿಕಾಯಗಳನ್ನು ತಗ್ಗಿಸುವ ಚಿಕಿತ್ಸೆಯ ಬಗ್ಗೆ ವೈದ್ಯರ ತಂಡ ಅದೇ ವಾರ ಮಾತನಾಡಲು ಕುಳಿತಿತು.

ಅರ್ಜಿಯಲ್ಲಿ ಇಲ್ಲದ ಇನ್ನೊಂದು ಪ್ರಶ್ನೆ ಸಂಬಂಧದಲ್ಲಿ ಆದ ಮದುವೆಯದು. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಮಗನಿಗೆ ಕೊಡುವುದು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ರಾಮೇಗೌಡ ಮತ್ತು ರಾಮಚಂದ್ರ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಥ ಮದುವೆಗಳಲ್ಲಿ ಹುಟ್ಟುವ ಮಕ್ಕಳಲ್ಲಿ ಜನ್ಮಜಾತ ಹೃದ್ರೋಗ ಹೆಚ್ಚು ಎಂದು ತೋರಿಸಿತು. ನಮ್ಮ ಮೇಜಿನ ಮೇಲೆ ಇದು ಬೇರೆಯೇ ರೂಪದಲ್ಲಿ ಕಾಣಿಸುತ್ತದೆ. ಸಾಮಾನ್ಯವಾಗಿ ಪ್ರತಿ ಎಚ್‌ಎಲ್‌ಎ ಜೀನ್‌ನಲ್ಲೂ ತಂದೆಯದು ಒಂದು, ತಾಯಿಯದು ಒಂದು ಎಂದು ಎರಡು ಬಗೆ ಕಾಣಬೇಕು. ಕೆಲವು ಮಕ್ಕಳಲ್ಲಿ ಸಾಲಾಗಿ ಎಲ್ಲ ಕಡೆಯೂ ಒಂದೇ ಬಗೆ. ಪರೀಕ್ಷೆಯಲ್ಲಿ ಒಂದು ಪ್ರತಿ ತಪ್ಪಿಹೋಯಿತೇ ಎಂದು ಮೊದಲು ಅನುಮಾನ ಬರುತ್ತದೆ. ಆದರೆ ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟಿದ ಮಗುವಿಗೆ ಯಾವುದೇ ಜೀನ್‌ನ ಎರಡೂ ಪ್ರತಿಗಳು ಒಬ್ಬನೇ ಪೂರ್ವಿಕನಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಅಂಥ ಮಗುವಿಗೆ ‘ತನ್ನದು’ ಎನ್ನುವ ಗುರುತುಗಳು ಕಡಿಮೆ, ಹೊರಗಿನ ಹೃದಯದಲ್ಲಿ ಅಪರಿಚಿತವಾಗಿ ಕಾಣುವ ಗುರುತುಗಳು ಹೆಚ್ಚು. ಈ ಪ್ರಶ್ನೆ ಕೇಳುವಾಗ ದನಿಯಲ್ಲಿ ಆಕ್ಷೇಪ ಸುಳಿಯಬಾರದು. ‘ಮನೆಯವರು ನಿಮಗೆ ಮೊದಲಿನಿಂದಲೂ ಸಂಬಂಧವೇನಮ್ಮಾ?’ ಎಂದು ಕೇಳಿದರೆ ಸಾಕು, ಅವರೇ ಬೆರಳು ಮಡಚಿ ನೆಂಟಸ್ತಿಕೆ ಬಿಡಿಸಿ ಹೇಳುತ್ತಾರೆ.

ಆಮೇಲೆ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ನಾನೇನು ತಪ್ಪು ಮಾಡಿದೆ? ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದೆ ಎನ್ನುವವರಿದ್ದಾರೆ, ಅತ್ತೆ ಬೇಡವೆಂದದ್ದನ್ನು ತಿಂದೆ ಎಂದು ಅಳುವವರಿದ್ದಾರೆ. ಅವರಿಗೆ ವಿಜ್ಞಾನದ ಬಳಿ ಒಳ್ಳೆಯ ಉತ್ತರವಿದೆ. ಅಮೆರಿಕದ ಸಂಶೋಧಕರು ತಂದೆ, ತಾಯಿ, ಮಗು ಮೂವರ ಜೀನ್‌ಗಳನ್ನೂ ಒಟ್ಟಿಗೆ ಓದಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹೃದಯದ ತೀವ್ರ ದೋಷವಿರುವ ಮಕ್ಕಳಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಯಲ್ಲಿ ಹೊಸದಾಗಿ ಉಂಟಾದ ಬದಲಾವಣೆಗಳಿಗೆ ಪಾತ್ರವಿದೆ. ತಂದೆಯಲ್ಲೂ ಇಲ್ಲದ, ತಾಯಿಯಲ್ಲೂ ಇಲ್ಲದ ಬದಲಾವಣೆಗಳು ಅವು. ಯಾರೂ ಮಾಡಿದ್ದಲ್ಲ, ಯಾರೂ ತಡೆಯಬಹುದಾಗಿದ್ದೂ ಅಲ್ಲ. ಇದನ್ನು ನಾನು ಪ್ರತಿ ಸಲವೂ ಬಿಡಿಸಿ ಹೇಳುತ್ತೇನೆ, ಗಂಡನ ಕಡೆಯವರೂ ಇದ್ದಾಗ ಇನ್ನೊಮ್ಮೆ ಹೇಳುತ್ತೇನೆ.

ಕೆಲವು ಸಲ ಜೀನ್ ವರದಿ ಶಸ್ತ್ರಚಿಕಿತ್ಸೆಯ ಕೊಠಡಿಯ ಕೆಲಸವನ್ನೇ ಬದಲಿಸುತ್ತದೆ. 22ನೆಯ ವರ್ಣತಂತುವಿನಲ್ಲಿ 22ಕ್ಯೂ11 ಎಂಬ ಜಾಗದ ಒಂದು ತುಣುಕು ಕಳೆದುಹೋಗಿರುವ ಮಕ್ಕಳಿದ್ದಾರೆ. ಡಿಜಾರ್ಜ್ ಸಿಂಡ್ರೋಮ್ ಎಂದು ಕೇಳಿರಬಹುದು. ಅವರಲ್ಲಿ ಹಲವರಿಗೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳು ಸರಿಯಾಗಿ ರೂಪುಗೊಂಡಿರುವುದಿಲ್ಲ, ಎದೆಯಲ್ಲಿರುವ ಥೈಮಸ್ ಗ್ರಂಥಿಯೂ ಚಿಕ್ಕದಿರಬಹುದು ಅಥವಾ ಇಲ್ಲದೇ ಇರಬಹುದು. ಥೈಮಸ್ ಇಲ್ಲವೆಂದರೆ ದೇಹವನ್ನು ಕಾಯುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಕೊರತೆ. ಅಂಥ ಮಗುವಿಗೆ ಕೊಟ್ಟ ರಕ್ತದಲ್ಲಿ ದಾನಿಯ ಜೀವಂತ ಲಿಂಫೋಸೈಟುಗಳು (ಬಿಳಿ ರಕ್ತಕಣಗಳ ಒಂದು ಬಗೆ) ಇದ್ದರೆ ಅವೇ ಮಗುವಿನ ಮೈಮೇಲೆ ಎರಗಬಹುದು. ದೇಹ ಹೊರಗಿನ ಅಂಗದ ಮೇಲೆ ತಿರುಗಿ ಬೀಳುವ ತಿರಸ್ಕಾರ ಇಲ್ಲಿ ತಿರುಗುಮುರುಗಾಗುತ್ತದೆ, ಪ್ರಾಣಕ್ಕೂ ಕುತ್ತು ತರುತ್ತದೆ. ಆದ್ದರಿಂದ ಆ ಕೋಶಗಳು ಬೆಳೆಯದಂತೆ ವಿಕಿರಣ ಹಾಯಿಸಿದ ರಕ್ತವನ್ನೇ ಕೊಡಬೇಕು. ರಕ್ತದ ಕ್ಯಾಲ್ಸಿಯಂ ಕುಸಿಯುವ ಭಯವೂ ಇವರಲ್ಲಿ ಹೆಚ್ಚು. ಅನುಮಾನವಿರುವ ಶಿಶುವಿನ ವರದಿ ಬರುವವರೆಗೂ ವಿಕಿರಣ ಹಾಯಿಸಿದ ರಕ್ತವನ್ನೇ ಕೇಳಿ ಎಂದು ನಾನು ಹೊಸಬರಿಗೆ ಮೊದಲ ದಿನವೇ ಹೇಳುತ್ತೇನೆ. ವರದಿ ಸರಿಯಾಗಿದ್ದರೆ ಯಾರಿಗೂ ನಷ್ಟವಿಲ್ಲ.

ಕಸಿಯ ನಂತರದ ಕೆಲಸವೂ ಈಗ ಬದಲಾಗುತ್ತಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಫಿಲಿಪ್ ಕೇವ್ಸ್ 1970ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನವೇ ಇಂದಿಗೂ ತಿರಸ್ಕಾರವನ್ನು ಪತ್ತೆಹಚ್ಚುವ ಮುಖ್ಯ ದಾರಿ: ಕತ್ತಿನ ರಕ್ತನಾಳದಿಂದ ತೆಳುವಾದ ಉಪಕರಣವನ್ನು ಹೃದಯದೊಳಕ್ಕೆ ಇಳಿಸಿ ಸ್ನಾಯುವಿನ ಚೂರುಗಳನ್ನು ಚಿವುಟಿ ತರುವುದು. ಮಕ್ಕಳಿಗೆ ಪ್ರತಿ ಸಲವೂ ಮತ್ತು ಬರಿಸಿಯೋ ಅರಿವಳಿಕೆ ಕೊಟ್ಟೋ ಇದನ್ನು ಮಾಡಬೇಕು. 2014ರಲ್ಲಿ ಅಲ್ಲಿನದೇ ಸಂಶೋಧಕರು ಇನ್ನೊಂದು ದಾರಿ ತೋರಿಸಿದರು. ಹೊಸ ಹೃದಯಕ್ಕೆ ಪೆಟ್ಟು ಬಿದ್ದಾಗ ಅದರ ಸಾಯುವ ಕೋಶಗಳಿಂದ ದಾನಿಯ ಡಿಎನ್‌ಎ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಇಬ್ಬರ ಡಿಎನ್‌ಎಗಳ ನಡುವಿನ ಒಂದೊಂದು ಅಕ್ಷರದ ವ್ಯತ್ಯಾಸ ಹಿಡಿದು ಆ ತುಣುಕುಗಳ ಪಾಲನ್ನು ಅಳೆಯಬಹುದು. ಪಾಲು ಏರಿದರೆ ಎಚ್ಚರಿಕೆ. ಪುಟ್ಟ ಮಕ್ಕಳ ವಿಷಯದಲ್ಲಿ ನನಗೆ ಈ ಪರೀಕ್ಷೆಯ ಮೇಲೆ ಬಹಳ ಆಸೆಯಿದೆ.

ಔಷಧದ ಪ್ರಮಾಣದಲ್ಲೂ ಜೀನ್‌ಗಳ ಕೈವಾಡವಿದೆ. ಸಿವೈಪಿ3ಎ5 ಎಂಬ ಜೀನ್ ಚುರುಕಾಗಿರುವವರ ದೇಹ, ತಿರಸ್ಕಾರವನ್ನು ತಡೆಯಲು ಕೊಡುವ ಟ್ಯಾಕ್ರೋಲಿಮಸ್ ಔಷಧವನ್ನು ಬೇಗ ಕರಗಿಸಿಬಿಡುತ್ತದೆ. ಒಂದೇ ತೂಕದ ಇಬ್ಬರು ಮಕ್ಕಳಿಗೆ ಒಂದೇ ಪ್ರಮಾಣ ಸಾಲುವುದಿಲ್ಲ. ‘ಮಾತ್ರೆ ಸರಿಯಾಗಿ ಕೊಡುತ್ತಿಲ್ಲ’ ಎಂದು ತಾಯಿಯನ್ನು ಗದರುವ ಮೊದಲು ಇದನ್ನು ನೋಡಬೇಕು.

ನಮ್ಮ ಅರ್ಜಿಯಲ್ಲಿ ಈಗ ಜಾಗ ಹೆಚ್ಚಿಸಿದ್ದೇವೆ. ಹಿಂದಿನ ಪ್ರತಿ ಶಸ್ತ್ರಚಿಕಿತ್ಸೆಯ ತಿಂಗಳು, ತೇಪೆ ಯಾವುದರದ್ದು (ಮಗುವಿನದೇ ಪೊರೆಯೋ, ದನದ್ದೋ, ಮಾನವ ದಾನಿಯದ್ದೋ), ರಕ್ತ ಕೊಟ್ಟಿದ್ದರೆ ಎಷ್ಟು ಬಾಟಲಿ, ತಂದೆತಾಯಿಯ ನಡುವಿನ ಸಂಬಂಧ, ಜೀನ್ ಪರೀಕ್ಷೆ ಆಗಿದ್ದರೆ ಅದರ ಪ್ರತಿ. ಇದನ್ನು ಓದುತ್ತಿರುವವರ ಮನೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಮಗುವಿದ್ದರೆ, ಆಸ್ಪತ್ರೆಯಿಂದ ಬರುವಾಗ ಡಿಸ್ಚಾರ್ಜ್ ಸಾರಾಂಶದ ಜೊತೆ ಶಸ್ತ್ರಚಿಕಿತ್ಸೆಯ ಪೂರ್ಣ ಟಿಪ್ಪಣಿಯನ್ನೂ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳುಹಿಸಿಡಿ, ಬೇರೆ ಆಸ್ಪತ್ರೆಗೆ ಹೋದಾಗ ಕೇಳುವ ಮೊದಲೇ ತೋರಿಸಿ.