ಬಲಗಡೆಯ ಭುಜ

ಹೋದ ಶನಿವಾರ ಮಗನ ಮದುವೆ ಸೂಟಿನ ಎರಡನೇ ಟ್ರಯಲ್ ಇತ್ತು. ಹೊರಡುವಾಗ ನನ್ನ ಹಳೇ ಕೋಟನ್ನೂ ಒಂದು ಚೀಲಕ್ಕೆ ಹಾಕಿಕೊಂಡೆ. 1994ರಲ್ಲಿ ನನ್ನ ಆರತಕ್ಷತೆಗೆ ಅಪ್ಪ ಹೊಲಿದಿದ್ದು. ಸೊಂಟದ ಹತ್ತಿರ ಸ್ವಲ್ಪ ಬಿಡಿಸಿಕೊಟ್ಟರೆ ಮಗನ ಮದುವೆಗೂ ಅದನ್ನೇ ಹಾಕಿಕೊಳ್ಳುವ ಆಸೆ.

ಸೂಟು ಹೊಲಿಯುತ್ತಿರುವಾಕೆ ಅರವತ್ತು ದಾಟಿದವರು. ಸೂಟು ಹೊಲಿಯೋದಕ್ಕೇ ಹೆಸರಾದ ಲಂಡನ್ನಿನ ಸ್ಯಾವಿಲ್ ರೋ ಬೀದಿಯಲ್ಲಿ ಬಹಳ ವರ್ಷ ಕಟರ್, ಅಂದರೆ ಅಳತೆಗೆ ಬಟ್ಟೆ ಕತ್ತರಿಸುವವರು, ಆಗಿದ್ದವರು. ಈಗ ಒಂದು ಮಹಡಿ ಕೋಣೆಯಲ್ಲಿ ಸ್ವಂತ ಕೆಲಸ ಮಾಡುತ್ತಾರೆ. ಆ ಬೀದಿಯ ಅಂಗಡಿಗಳ ರೇಟು ನಮ್ಮ ಕೈಗೆ ಎಟುಕುವಂಥದ್ದಲ್ಲ. ಆದರೂ ಮೊದಲು ಅಲ್ಲಿಗೇ ಹೋಗಿ ನೋಡಿಕೊಂಡು ಬಂದಿದ್ದೆವು. ಹೆನ್ರಿ ಪೂಲ್ ಅನ್ನೋ ಟೈಲರ್ ಅಂಗಡಿಯವರು ಆ ಬೀದಿಗೆ ಬಾಗಿಲು ತೆರೆದದ್ದು 1846ರಲ್ಲಂತೆ. ಒಂದು ಸೂಟಿಗೆ ಕಡಿಮೆ ಅಂದರೂ 50 ಗಂಟೆ ಕೈಕೆಲಸ ಇರಬೇಕು ಅಂತ ಅಲ್ಲಿನ ಟೈಲರ್‌ಗಳ ಸಂಘ ಹೇಳುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೆಲಮಾಳಿಗೆಯ ಕಿಟಕಿಗಳು. ಫುಟ್‌ಪಾತಿನಿಂದ ಬಗ್ಗಿ ನೋಡಿದರೆ ಕೆಳಗೆ ಟೈಲರ್‌ಗಳು ತಲೆ ತಗ್ಗಿಸಿ ಹೊಲಿಯುತ್ತಿರುತ್ತಾರೆ. ಹೋಗಿ ಬರುವವರು ನಿಂತು, ಮರ್ಯಾದೆಯಿಂದ ನೋಡುತ್ತಾರೆ.

ಅರಸೀಕೆರೆಯ ನಮ್ಮ ಅಂಗಡಿಗೂ ಬೀದಿ ಕಡೆ ಒಂದು ಕಿಟಕಿ ಇತ್ತು. ಅದರಲ್ಲಿ ಬಗ್ಗಿ ನೋಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ: "ಇನ್ನೂ ಆಗಿಲ್ವೇನಯ್ಯ?" ಕೊನೆಗೆ ಬಟ್ಟೆ ತಗೊಳ್ಳುವಾಗ ಹತ್ತು ರೂಪಾಯಿಗೆ ಚೌಕಾಸಿ. ಬೂಟಿನ ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ದುಡ್ಡು ಕೊಡುವವರೇ ಅಪ್ಪನ ಹತ್ತಿರ ಚೌಕಾಸಿಗೆ ನಿಲ್ಲುತ್ತಿದ್ದರು. ನಾನೂ ಕಾಲೇಜಿನಲ್ಲಿ ಅಪ್ಪ ಏನು ಮಾಡ್ತಾರೆ ಅಂದರೆ "ಬಿಸಿನೆಸ್" ಅಂತಿದ್ದೆ. ಆ ನೋವು ಇನ್ನೂ ಹೋಗಿಲ್ಲ.

ಮಗನಿಗೆ ಮೊದಲು ಇಷ್ಟವಾಗಿದ್ದು ರೇಷ್ಮೆ ಥರ ಮಿನುಗುವ, ಸೂಪರ್ 180 ಅಂತ ಬರೆದಿದ್ದ ಬಟ್ಟೆ. ಆಕೆ ಬೇಡ ಅಂದರು. ಆ ನಂಬರ್ ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನೋದನ್ನ ಹೇಳುತ್ತದೆಯೇ ಹೊರತು ಬಾಳಿಕೆಯನ್ನಲ್ಲ. ಎಳೆ ಸಣ್ಣದಾದಷ್ಟೂ ಬೇಗ ಸುಕ್ಕಾಗುತ್ತದೆ. ಮದುಮಗ ದಿನವಿಡೀ ಕೂತು, ಎದ್ದು, ನೂರು ಜನರನ್ನು ಅಪ್ಪಿಕೊಳ್ಳಬೇಕು. ಸ್ವಲ್ಪ ತೂಕದ ಬಟ್ಟೆಯೇ ಮೈಮೇಲೆ ನೆಟ್ಟಗೆ ಇಳಿಯೋದು. ಹಾಗಾಗಿ ಗಜಕ್ಕೆ 11 ಔನ್ಸ್ ತೂಗುವ ಕಡುನೀಲಿ ಬಟ್ಟೆ ಆಯಿತು. ಕಪ್ಪಿಗಿಂತ ನೀಲಿಯೇ ಒಳ್ಳೆಯದು ಅಂತ ನನಗೂ ಅನಿಸಿತ್ತು. ಕಪ್ಪು ಬಟ್ಟೆಯಾದರೆ ಫೋಟೋದಲ್ಲಿ ಹೊಲಿಗೆಯೇ ಕಾಣುವುದಿಲ್ಲ.

ಮೊನ್ನೆ ಮಗನ ಟ್ರಯಲ್ ಮುಗಿದ ಮೇಲೆ ನನ್ನ ಕೋಟು ತೆಗೆದುಕೊಟ್ಟೆ. ಆಕೆ ಅದರ ಹೊರಮೈ ನೋಡಲೇ ಇಲ್ಲ. ನೇರ ಒಳಗು ಹೊರಗು ಮಾಡಿ ಮೇಜಿನ ಮೇಲೆ ಹರಡಿದರು. ಕಾಲರಿನ ಕೆಳಗೆ ಬೆರಳಾಡಿಸಿದರು. ಲೈನಿಂಗಿನ ಒಂದು ಬದಿ ಬಿಚ್ಚಿ, ಕೋಟಿಗೆ ಆಕಾರ ಕೊಡೋ ಒಳಪದರ ಕ್ಯಾನ್ವಾಸ್ ನೋಡಿದರು. ಸೊಂಟದ ಹೊಲಿಗೆಯಲ್ಲಿ ಒಂದು ಇಂಚಿಗೂ ಜಾಸ್ತಿ ಬಟ್ಟೆ ಮಡಿಸಿಟ್ಟಿತ್ತು. ಮುಂದೆ ಮಗ ದಪ್ಪ ಆಗ್ತಾನೆ ಅಂತ ಅಪ್ಪ ಬಿಟ್ಟಿದ್ದ ಬಟ್ಟೆ. ಆಮೇಲೆ ಎರಡೂ ಭುಜಗಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮತ್ತೆ ಮತ್ತೆ ಒತ್ತಿ ನೋಡಿದರು.

"ಇದನ್ನ ಯಾರು ಹೊಲಿದಿದ್ದು?"

"ನಮ್ಮ ತಂದೆ."

"ಬಲಗಡೆ ಒಂದು ಪದರ ಹತ್ತಿ ಜಾಸ್ತಿ ಇಟ್ಟಿದ್ದಾರೆ. ನಿಮ್ಮ ಬಲಭುಜ ಇಳಿದಿದೆ ಅಂತ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಐವತ್ತೆಂಟು ವರ್ಷಕ್ಕೆ ಮೊದಲ ಸಲ ಕೇಳಿದೆ. ಆಕೆ ಮಗನ ಅಳತೆ ಚೀಟಿ ತೋರಿಸಿದರು. ಮೂಲೆಯಲ್ಲಿ ಡಿ.ಆರ್.ಎಸ್. ಅಂತಿತ್ತು. ನಮಗೆ ಡಿ.ಆರ್.ಎಸ್. ಅಂದರೆ ಕ್ರಿಕೆಟ್ ಅಲ್ವಾ? ಇವರ ಕಸುಬಿನಲ್ಲಿ ಹಾಗಂದರೆ ಬಲಭುಜ ಇಳಿದಿದೆ ಅಂತ. ಗಿರಾಕಿ ಎದುರಿಗೇ ನಿಂತಿರುವಾಗ ಅವನ ಮೈಯ ಊನವನ್ನು ಬಾಯಿಬಿಟ್ಟು ಹೇಳಬಾರದು ಅಂತ ಹೀಗೆ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾರಂತೆ. ಕಾಲು ಸೊಟ್ಟಗಿದ್ದರೆ ಅದಕ್ಕೆ ಬೇರೆ ಅಕ್ಷರ.

"ಸೊಂಟ ಬಿಡಿಸಿಕೊಡ್ತೀನಿ. ಭುಜ ಮಾತ್ರ ಮುಟ್ಟಲ್ಲ" ಅಂದರು. "ಅದು ಅವರು ಹೊಲಿದ ಹಾಗೇ ಇರಲಿ."

ಮನೆಗೆ ಬಂದವನೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪನ ಅಳತೆ ನೋಟ್‌ಬುಕ್ಕುಗಳು ಇನ್ನೂ ಟ್ರಂಕಿನಲ್ಲಿವೆ. 94ನೇ ಇಸವಿಯದ್ದು ಹುಡುಕೋಕೆ ಅಮ್ಮನಿಗೆ ಅರ್ಧ ಗಂಟೆ ಹಿಡಿಯಿತು. ಕನ್ನಡಕ ಏರಿಸಿಕೊಂಡು ಓದಿದಳು.

"ಎದೆ ಮೂವತ್ತೆಂಟು. ಸೊಂಟ ಮೂವತ್ತೆರಡು. ತೋಳು ಇಪ್ಪತ್ತನಾಲ್ಕೂವರೆ. ಅದರ ಕೆಳಗೆ 'ಬ. ಇ.' ಅಂತ ಬರೆದಿದಾರೆ ಕಣೋ. ಏನದು?"

ನನಗೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಬಲ ಇಳಿ. ಅಪ್ಪನಿಗೆ ಸ್ಯಾವಿಲ್ ರೋ ಅಂತ ಒಂದು ಬೀದಿ ಇದೆ ಅನ್ನೋದೇ ಗೊತ್ತಿರಲಿಲ್ಲ. ಅಲ್ಲಿನವರು ಪಾಲಿಸುವ ನಾಜೂಕನ್ನು ಬಸ್ ಸ್ಟ್ಯಾಂಡ್ ಹಿಂದಿನ ಹತ್ತಡಿ ಅಂಗಡಿಯಲ್ಲಿ ಕೂತು ತಾನೇ ಕಂಡುಕೊಂಡಿದ್ದ. ಕನ್ನಡಿ ಮುಂದೆ ನಿಲ್ಲಿಸಿ ಭುಜ ಸವರಿ, "ಸರಿಯಾಗಿ ಕೂತಿದೆ" ಅಂದಿದ್ದ ಅಷ್ಟೇ.

ಅಮ್ಮ ಅಷ್ಟರಲ್ಲಿ ಹಾಳೆ ತಿರುವಿ ಹಾಕುತ್ತಿದ್ದಳು. "ತಾಳು, ಸುಮಾರು ಜನಕ್ಕೆ ಹೀಗೇ ಏನೇನೋ ಬರೆದಿದಾರೆ. ನಿಮ್ಮ ಲೆಕ್ಕದ ಮೇಷ್ಟ್ರ ಹೆಸರಿನ ಮುಂದೂ ಇದೆ ನೋಡು…"

"ಅಮ್ಮಾ, ಬೇರೆಯವರದ್ದು ಓದಬೇಡ" ಅಂದೆ.