ಲೇಸರ್‌ಗಿಂತ ಮೊದಲು ದ್ರಾವಣ: ಅತಿವೇಗದ ಕ್ಷ-ಕಿರಣ ರೋಹಿತದರ್ಶನವನ್ನು ಕಲಿಸುವಾಗ ಕಂಡುಕೊಂಡದ್ದು

ಬಳ್ಳಾರಿಯಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ರೋಹಿತದರ್ಶನ ಕಲಿಸುವ ನನಗೆ ಬೇರೆ ಊರಿನ ಅಧ್ಯಾಪಕರಿಗಿಲ್ಲದ ಒಂದು ಅನುಕೂಲವಿದೆ. ನನ್ನ ತರಗತಿಯ ಹಲವರ ಮನೆಯವರು ಸಂಡೂರಿನ ಗಣಿಗಳಲ್ಲೋ ತೋರಣಗಲ್ಲಿನ ಉಕ್ಕಿನ ಕೆಲಸದಲ್ಲೋ ದುಡಿಯುವವರಾದ್ದರಿಂದ, ಅದಿರನ್ನು ನುಣ್ಣಗೆ ಅರೆದು, ಒತ್ತಿ ಬಿಲ್ಲೆ ಮಾಡಿ ಎಕ್ಸ್‌ಆರ್‌ಎಫ್ (ಕ್ಷ-ಕಿರಣ ಬಿದ್ದಾಗ ಧಾತುಗಳು ಹೊರಸೂಸುವ ಕಿರಣವನ್ನು ಅಳೆಯುವ) ಯಂತ್ರಕ್ಕೆ ಕೊಟ್ಟರೆ ಕಬ್ಬಿಣ, ಸಿಲಿಕಾ, ಅಲ್ಯೂಮಿನಾಗಳ ಪ್ರಮಾಣ ತಿಳಿಯುತ್ತದೆ ಎಂಬುದು ಅವರಿಗೆ ಪಠ್ಯಕ್ಕಿಂತ ಮೊದಲೇ ಗೊತ್ತಿರುತ್ತದೆ. ಸ್ಯಾಂಪಲ್ ಸರಿಯಾಗಿ ತಯಾರಾಗದಿದ್ದರೆ ಯಂತ್ರ ಎಷ್ಟು ದುಬಾರಿಯದಾದರೂ ಅಂಕಿ ನಂಬುವಂತಿರುವುದಿಲ್ಲ ಎಂಬುದೂ ಗೊತ್ತಿರುತ್ತದೆ. ಈ ತಿಳಿವಳಿಕೆಯನ್ನೇ ಆಧಾರವಾಗಿಟ್ಟುಕೊಂಡು, ಅಣುಗಳಲ್ಲಿನ ಅತಿವೇಗದ ಬದಲಾವಣೆಗಳನ್ನು ಕ್ಷ-ಕಿರಣದ ಹೀರಿಕೆಯಿಂದ ನೋಡುವ ಅತಿವೇಗದ ಕ್ಷ-ಕಿರಣ ರೋಹಿತದರ್ಶನವನ್ನು ಕಲಿಸುವಾಗ, ಪಠ್ಯಪುಸ್ತಕಗಳ ಕ್ರಮವನ್ನು ಬಿಟ್ಟು, ದ್ರಾವಣದಿಂದ ಪಾಠ ಶುರುಮಾಡಿ ಲೇಸರನ್ನು ಕೊನೆಗೆ ಇಡುವುದೇ ಸರಿಯೆಂದು ನನ್ನ ಅನುಭವ ಹೇಳುತ್ತದೆ.

ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ ಈ ಪಾಠಕ್ಕೆ ಒಳ್ಳೆಯ ಬಾಗಿಲಾಯಿತು: "ಸರ್, ದ್ರಾವಣಾನ ಹಂಗೇ ಕಪ್ಪಿನ್ಯಾಗ ಹಾಕಿ ಮಿಷಿನ್‌ಗೆ ಕೊಟ್ರ ಆಗಂಗಿಲ್ಲೇನ್ರಿ?" ಖಂಡಿತ ಆಗುತ್ತದೆ, ತೆಳುವಾದ ಪ್ಲಾಸ್ಟಿಕ್ ಹಾಳೆಯ ತಳವಿರುವ ಕಪ್ಪಿನಲ್ಲಿ ದ್ರವಗಳನ್ನೂ ಎಕ್ಸ್‌ಆರ್‌ಎಫ್‌ನಲ್ಲಿ ಅಳೆಯುತ್ತಾರೆ. ಆದರೆ ಅದು ಯಾವ ಧಾತು ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು, ಬೆಳಕು ಬಿದ್ದ ಮೇಲಿನ ಕೆಲವು ಫೆಮ್ಟೊಸೆಕೆಂಡುಗಳಲ್ಲಿ (ಒಂದು ಫೆಮ್ಟೊಸೆಕೆಂಡು ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದ ಸಾವಿರದಲ್ಲೊಂದು ಪಾಲು) ಅಣುವಿನ ಬಂಧಗಳಿಗೆ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಕ್ಷ-ಕಿರಣವು ದ್ರಾವಣವನ್ನು ಹಾದು ಆಚೆ ಬರಬೇಕು, ಪ್ರತಿ ಧಾತುವಿನ ಹೀರಿಕೆಯ ಅಂಚು, ಅಂದರೆ ಹೀರಿಕೆ ಥಟ್ಟನೆ ಏರುವ ಶಕ್ತಿ, ಎಲ್ಲಿ ಎಷ್ಟು ಸರಿಯಿತೆಂದು ನೋಡಬೇಕು.

ಇಲ್ಲಿಯೇ ನೀರು ಅಡ್ಡ ಬರುತ್ತದೆ. ಕಿರಣದ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಅಳೆದರೆ, ಕಬ್ಬಿಣದ ಅಂಚು 7112 ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ. ಆ ಶಕ್ತಿಯ ಕಿರಣ ನೀರಿನಲ್ಲಿ ಸುಮಾರು ಮುಕ್ಕಾಲು ಮಿಲಿಮೀಟರ್ ಸಾಗಿದ ಮೇಲೆ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ, ಹಾಗಾಗಿ ಸಾಧಾರಣ ದಪ್ಪದ ಧಾರೆಯೇ ಸಾಕು. ಇಂಗಾಲದ ಅಂಚಿಗೆ, ಅಂದರೆ 284 ಎಲೆಕ್ಟ್ರಾನ್ ವೋಲ್ಟ್‌ಗೆ ಬಂದಾಗ ಅದೇ ದೂರ ಎರಡು ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸಿಗೆ ಕುಸಿಯುತ್ತದೆ. ಅಲ್ಲಿಂದ ಶಕ್ತಿ ಏರಿದಂತೆ ನೀರು ಮತ್ತೆ ಪಾರದರ್ಶಕವಾಗುತ್ತ ಹೋಗಿ, ಸುಮಾರು 540ರ ಬಳಿ ಆಮ್ಲಜನಕದ ಅಂಚು ದಾಟಿದ ಕೂಡಲೇ ಅರ್ಧ ಮೈಕ್ರಾನಿಗೇ ಕಿರಣವನ್ನು ನುಂಗಿಬಿಡುತ್ತದೆ. ಈ ಎರಡು ಅಂಚುಗಳ ನಡುವಿನ ಕಿಂಡಿಯೇ ಜೀವರಸಾಯನಕ್ಕೆ ಬೇಕಾದ ಇಂಗಾಲ, ಸಾರಜನಕಗಳನ್ನು ನೀರಿನೊಳಗೇ ನೋಡಲು ಇರುವ ದಾರಿ. ಈ ಅಂಕಿಗಳನ್ನು ನಾನು ಬೋರ್ಡಿನ ಮೇಲೆ ಬರೆದುಕೊಡುವುದಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯವು ಉಚಿತವಾಗಿ ಒದಗಿಸಿರುವ ಲೆಕ್ಕಾಚಾರದ ಸೌಲಭ್ಯದಿಂದ ವಿದ್ಯಾರ್ಥಿಗಳೇ ಮೊಬೈಲಿನಲ್ಲಿ ತೆಗೆಯುತ್ತಾರೆ, ಏಕೆಂದರೆ ತಾವೇ ತೆಗೆದ ಅಂಕಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಒಂದು ಮೈಕ್ರಾನ್ ದಪ್ಪದ ನೀರನ್ನು, ಅದೂ ನಿರ್ವಾತದಲ್ಲಿ, ನಿಲ್ಲಿಸುವುದು ಹೇಗೆ? ಇಂತಹ ಕಡಿಮೆ ಶಕ್ತಿಯ, ಅಂದರೆ ಮೃದು ಕ್ಷ-ಕಿರಣವನ್ನು ಗಾಳಿಯೂ ಹೀರುವುದರಿಂದ ನಿರ್ವಾತವನ್ನು ಬಿಡುವಂತಿಲ್ಲ. ಎರಡು ಸೂಕ್ಷ್ಮ ಧಾರೆಗಳನ್ನು ಓರೆಯಾಗಿ ಒಂದಕ್ಕೊಂದು ಡಿಕ್ಕಿ ಹೊಡೆಸಿದರೆ ಅವು ಕೂಡಿದಲ್ಲಿ ಎಲೆಯಾಕಾರದ ತೆಳು ಹಾಳೆ ಹರಡಿಕೊಳ್ಳುತ್ತದೆ. ಕಿರಣ ಅದರ ಮೂಲಕ ಹಾಯುತ್ತದೆ. ದ್ರವ ಸದಾ ಹರಿಯುತ್ತಿರುವುದರಿಂದ ಪ್ರತಿ ಸ್ಪಂದಕ್ಕೂ (ಬೆಳಕಿನ ಕಿರು ಮಿಡಿತಕ್ಕೂ) ಹೊಸ ಅಣುಗಳು ಸಿಗುತ್ತವೆ, ಹಿಂದಿನ ಸ್ಪಂದದಲ್ಲಿ ಹಾಳಾದವು ಕೊಚ್ಚಿಹೋಗುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ತಂತ್ರದಲ್ಲಿ ಅತ್ಯಂತ ಸುಂದರವಾದ ಭಾಗ ಇದೇ.

ಒಂದು ಸ್ಪಂದ ಅಣುವನ್ನು ಕೆರಳಿಸುತ್ತದೆ, ತುಸು ತಡವಾಗಿ ಬರುವ ಕ್ಷ-ಕಿರಣದ ಸ್ಪಂದ ಅದನ್ನು ನೋಡುತ್ತದೆ; ಈ ನಡುವಿನ ಸಮಯದ ಪಾಠಕ್ಕೆ ಒಂದು ಸ್ಕೇಲ್ ಸಾಕು. ಬೆಳಕು ಒಂದು ಪಿಕೊಸೆಕೆಂಡಿನಲ್ಲಿ (ಸಾವಿರ ಫೆಮ್ಟೊಸೆಕೆಂಡು) 0.3 ಮಿಲಿಮೀಟರ್ ಸಾಗುತ್ತದೆ. ಆದ್ದರಿಂದ ಅಣುವನ್ನು ಕೆರಳಿಸುವ ಸ್ಪಂದದ ದಾರಿಯಲ್ಲಿನ ಕನ್ನಡಿಯನ್ನು 0.15 ಮಿಲಿಮೀಟರ್ ಸರಿಸಿದರೆ, ಹೋಗಿ ಬರುವ ದಾರಿ ಸೇರಿ ಒಂದು ಪಿಕೊಸೆಕೆಂಡಿನ ಅಂತರ ಸಿಗುತ್ತದೆ. ಸ್ಕೇಲಿನ ಮೇಲಿನ ಒಂದು ಮಿಲಿಮೀಟರ್ ಗೆರೆಯನ್ನು ಬೆರಳಿಂದ ಮುಚ್ಚಿ, ಇಷ್ಟರೊಳಗೆ ಆರೇಳು ಪಿಕೊಸೆಕೆಂಡು ಅಡಗಿವೆ ಎಂದಾಗ, ಗಡಿಯಾರದಿಂದ ಅಳೆಯಲಾಗದ ಕಾಲವನ್ನು ದೂರದಿಂದ ಅಳೆಯುವ ಉಪಾಯ ಯಾರಿಗೂ ಕಷ್ಟವೆನಿಸುವುದಿಲ್ಲ.

ಕಿರಣದ ಮೂಲ ಆಮೇಲೆ ಬರುತ್ತದೆ. ಹ್ಯಾಂಬರ್ಗ್ ಬಳಿಯ 3.4 ಕಿಲೋಮೀಟರ್ ಉದ್ದದ ಯುರೋಪಿಯನ್ ಎಕ್ಸ್‌ಎಫ್‌ಇಎಲ್‌ನಂತಹ ಕ್ಷ-ಕಿರಣ ಲೇಸರ್ ಯಂತ್ರಗಳು ಅಪಾರ ಪ್ರಖರತೆಯ ಸ್ಪಂದಗಳನ್ನು ಕೊಡುತ್ತವೆ, ಆದರೆ ಅಲ್ಲಿ ಸಮಯ ಸಿಗುವುದೇ ಕಷ್ಟ. ಒಂದು ಕೋಣೆಯಲ್ಲಿ ಹಿಡಿಯುವ ವ್ಯವಸ್ಥೆಯಲ್ಲಿ ತೀವ್ರವಾದ ಫೆಮ್ಟೊಸೆಕೆಂಡು ಲೇಸರನ್ನು ಹೀಲಿಯಂ ಅಥವಾ ನಿಯಾನ್ ಅನಿಲಕ್ಕೆ ಕೇಂದ್ರೀಕರಿಸಿ, ಹುಟ್ಟುವ ಉನ್ನತ ಹಾರ್ಮೋನಿಕ್‌ಗಳನ್ನೇ, ಅಂದರೆ ಲೇಸರಿನ ಆವರ್ತನದ ಹಲವು ಪಟ್ಟು ಆವರ್ತನದ ಕಿರಣಗಳನ್ನೇ, ಬಳಸುತ್ತಾರೆ. 2023ರ ಭೌತಶಾಸ್ತ್ರದ ನೊಬೆಲ್ ಪಡೆದ ಆನ್ ಲ್ಯೂಲಿಯೆ, ಪಿಯರ್ ಅಗೊಸ್ತಿನಿ, ಫೆರೆಂಕ್ ಕ್ರೌಸ್ ಅವರ ಕೆಲಸದ ತಳಹದಿಯೂ ಇದೇ. ಲೇಸರಿನ ತರಂಗಾಂತರ ಹೆಚ್ಚಿದಷ್ಟೂ ಸಿಗುವ ಗರಿಷ್ಠ ಶಕ್ತಿ ಏರುತ್ತದೆ, ಆದರೆ ಫೋಟಾನುಗಳ ಸಂಖ್ಯೆ ಬಹು ಬೇಗ ಇಳಿಯುತ್ತದೆ. ಲಾಭವೂ ಇದೆ: ಕೆರಳಿಸುವ ಸ್ಪಂದ, ನೋಡುವ ಸ್ಪಂದ ಎರಡೂ ಒಂದೇ ಲೇಸರಿನಿಂದ ಬರುವುದರಿಂದ ಅವುಗಳ ನಡುವಿನ ಹೊಂದಾಣಿಕೆ ಕದಲುವುದಿಲ್ಲ.

ಉದಾಹರಣೆಗೆ ನಾನು ಯೂರಿಯಾವನ್ನೇ ಹಿಡಿಯುತ್ತೇನೆ, ಏಕೆಂದರೆ ಸಿರುಗುಪ್ಪದ ಭತ್ತದ ಗದ್ದೆಗಳ ಕಡೆಯಿಂದ ಬರುವವರಿಗೆ ಅದರ ಪರಿಚಯ ಬೇಕಿಲ್ಲ. ಜ್ಯೂರಿಕ್ ಮತ್ತು ಜಿನೀವಾದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಸಾಂದ್ರವಾದ ಯೂರಿಯಾ ದ್ರಾವಣದ ತೆಳು ಹಾಳೆಯಲ್ಲಿ ಅಯಾನೀಕೃತ (ಎಲೆಕ್ಟ್ರಾನ್ ಕಳೆದುಕೊಂಡ) ಅಣುವಿನಿಂದ ಪಕ್ಕದ ಅಣುವಿಗೆ ಪ್ರೋಟಾನ್ ದಾಟುವುದನ್ನು ಪ್ರಯೋಗಾಲಯದ ಮೇಜಿನ ಮೇಲೆಯೇ ಗಮನಿಸಿದರು. ದ್ರಾವಣ ಅಷ್ಟು ಸಾಂದ್ರವಾಗಿ ಏಕಿರಬೇಕಿತ್ತು ಎಂದು ಕೇಳಿದರೆ, ದ್ರಾವಣದಿಂದ ಪಾಠ ಶುರುಮಾಡಿದವರು ತಾವೇ ಉತ್ತರ ಕಟ್ಟುತ್ತಾರೆ: ಹಾಳೆ ತೆಳು, ಫೋಟಾನು ಕಡಿಮೆ, ಆದ್ದರಿಂದ ಕಿರಣದ ದಾರಿಯಲ್ಲಿ ಅಣುಗಳಾದರೂ ಹೆಚ್ಚಿರಬೇಕು. ಅದೇ ಯೂರಿಯಾವನ್ನು ಎಥನಾಲ್‌ನಲ್ಲಿ ಕರಗಿಸಿದರೆ ಯಾವ ಅಂಚನ್ನು ಆರಿಸುತ್ತೀರಿ ಎಂಬುದು ಮುಂದಿನ ವಾರದ ಮನೆಗೆಲಸ. ದ್ರಾವಕದ ಇಂಗಾಲವೇ ಇಂಗಾಲದ ಅಂಚನ್ನು ಮುಚ್ಚಿಹಾಕುವುದರಿಂದ ಸಾರಜನಕದ 410 ಎಲೆಕ್ಟ್ರಾನ್ ವೋಲ್ಟಿನ ಅಂಚಿಗೆ ಹೋಗಬೇಕೆಂದು ಹೆಚ್ಚಿನವರು ಕಾರಣಸಹಿತ ಬರೆದು ತರುತ್ತಾರೆ.